ಅವ್ವನ ಗಿಡದ ಮೇಲೆ ಬಂಗಲೆ ರೋಜಾ

ನನ್ನ ಅವ್ವನ ರೋಜಾ ಗಿಡಕ್ಕೆ ಚಾಕು ಹಾಕಿಸಿದವರು ಬೇರೆ ಯಾರೋ ಆಗಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆನೋ ಏನೋ. ಹಾಕಿಸಿದವರು ನನ್ನ ಮಾವ. ನಮ್ಮ ಜನರಲ್ಲಿ ಮಾವ ಅಂದರೆ ಹೊರಗಿನವರಲ್ಲ, ಸೋದರಮಾವನ ಮಗನಿಗೇ ಹೆಣ್ಣು ಕೊಡುವುದು ಪದ್ಧತಿ. ಅವರು ನನ್ನ ಅವ್ವನ ಒಡಹುಟ್ಟಿದ ತಮ್ಮ, ಅವಳ ಸೊಂಟದ ಮೇಲೆ ಕೂತು ಬೆಳೆದವರು. ಅದಕ್ಕೇ ಈ ಮುದಿ ವಯಸ್ಸಿನಲ್ಲೂ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಆ ಗಿಡದ ಮೂಲ ಕಂಬಂ ಕಣಿವೆಯಲ್ಲಿದ್ದ ಮಾವನ ಮನೆಯೇ. ಅವ್ವ ಮದುವೆಯಾಗಿ ವೇದಸಂದೂರಿನ ಕಡೆಗೆ ಹೋಗುವಾಗ ಒಂದು ಕೊಂಬೆಯನ್ನು ಮಡಕೆಯಲ್ಲಿ ನೆಟ್ಟು ಗಾಡಿಯಲ್ಲಿ ಒಯ್ದಿದ್ದಳು. ಅವಳು ಹೋದಮೇಲೆ ಇಲ್ಲಿ ಎತ್ತಿನ ಕೊಟ್ಟಿಗೆಗೆ ಜಾಗ ಬೇಕೆಂದು ಮೂಲದ ಗಿಡವನ್ನು ಕಿತ್ತೆಸೆದರಂತೆ. ಅಲ್ಲಿ ವೇದಸಂದೂರಿನ ಕೆಂಪು ನೆಲದಲ್ಲಿ, ಸ್ನಾನದ ನೀರು ಹರಿದು ಹೋಗುವ ಕಡೆ, ಅದು ನನ್ನ ಎತ್ತರ ಬೆಳೆದು ವರ್ಷವೆಲ್ಲ ಹೂ ಬಿಡುತ್ತಿತ್ತು. ನನ್ನ ಮದುವೆ ಗೊತ್ತಾದಾಗ ಅವ್ವ ಅದರದೇ ಕೊಂಬೆ ಕತ್ತರಿಸಿ ಮಣ್ಣು, ಮರಳು, ಹಳೇ ಸಗಣಿ ಗೊಬ್ಬರ ಬೆರೆಸಿದ ಮಡಕೆಯಲ್ಲಿ ಊರಿ, ನೆರಳಲ್ಲಿಟ್ಟು, ಬೇರು ಹಿಡಿದ ಮೇಲೆ ನನ್ನ ಕೈಗೆ ಕೊಟ್ಟಳು.

"ಇದನ್ನ ಜಾಸ್ತಿ ಕತ್ತರಿಸ್ಬೇಡ ತಾಯೀ. ಒಣಗಿದ ಕಡ್ಡಿ ಮುರಿ, ಸಾಕು. ಇದು ಚಳಿಗೆ ಮಲಗೋ ಗಿಡ ಅಲ್ಲ" ಎಂದಿದ್ದಳು.

ಮುಂದಿನ ವರ್ಷವೇ ಅವ್ವ ತೀರಿಕೊಂಡಳು. ಅಪ್ಪನ ಮನೆಯವರು ಬಾವಿ ಅಗಲಿಸುವಾಗ ಅಲ್ಲಿದ್ದ ಗಿಡವೂ ಹೋಯಿತು. ಉಳಿದದ್ದು ನಾನು ತಂದು ಒಗೆಯುವ ಕಲ್ಲಿನ ಪಕ್ಕ ನೆಟ್ಟದ್ದು ಒಂದೇ. ನನಗೆ ಅದು ಬರೀ ಗಿಡವಾಗಿರಲಿಲ್ಲ. ಬಟ್ಟೆ ಒಗೆಯುತ್ತಾ ಅದರ ಜೊತೆ ಮಾತಾಡುತ್ತಿದ್ದೆ, ಬೇಕಾದರೆ ನಗಿ.

ಅದು ಬೆಟ್ಟದ ಮೇಲೆ ಪೆರಿಯಾರು ಹೊಳೆಗೆ ಅಣೆ ಕಟ್ಟುತ್ತಿದ್ದ ಕಾಲ. ಮಾವ ಬೋಡಿಮೆಟ್ಟಿನಿಂದ ಹೇರೆತ್ತುಗಳ ಮೇಲೆ ಏಲಕ್ಕಿ ಇಳಿಸುತ್ತಿದ್ದರು. ಮೇಲೆ ಯಾರೋ ಬಿಳಿ ದೊರೆಯ ಬಂಗಲೆಯ ಮುಂದೆ ಅಂಗೈಯಗಲದ ತಿಳಿಗುಲಾಬಿ ಬಣ್ಣದ ರೋಜಾ ಕಂಡು ಬಂದರು. ಅವತ್ತಿನಿಂದ ಮನೆಯಲ್ಲಿ ಅದೇ ಜಪ. ಬೇಸಿಗೆಯ ಚಿತ್ತಿರೆ ತಿಂಗಳಲ್ಲಿ ನಮ್ಮ ಕುಲದೇವರ ಪೂಜೆ. ಪ್ರತಿ ಮನೆಯವರೂ ತಮ್ಮ ಹಿತ್ತಿಲಲ್ಲೇ ಅರಳಿದ ಹೂವನ್ನು ಒಯ್ಯಬೇಕು. ಸಂತೆಯ ಹೂ ಸಲ್ಲದು, ಪಕ್ಕದ ಮನೆಯ ಹೂವೂ ಸಲ್ಲದು. ಅವ್ವನ ರೋಜಾವನ್ನು ಮಾವ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ನಮ್ಮ ಮನೆಯಿಂದ ಹೋಗುತ್ತಿದ್ದದ್ದು ಕಣಗಿಲೆ. ಮಾವನಿಗೆ ಅದು ಈಗ ಅವಮಾನ! ಈ ಸಲ ಬಂಗಲೆ ರೋಜಾ ಇಟ್ಟು ಎಲ್ಲರ ಬಾಯಿ ಮುಚ್ಚಿಸಬೇಕಂತೆ.

ಸಂಕ್ರಾಂತಿ ಬರುವ ತೈ ತಿಂಗಳಲ್ಲಿ ಆ ಬಂಗಲೆಯ ತೋಟಗಾರನನ್ನೇ ಕರೆತಂದರು. ನಾನು ನೀರು ಸೇದಿ ಬರುವಷ್ಟರಲ್ಲಿ ಅವನು ಅವ್ವನ ಗಿಡವನ್ನು ಮೊಣಕಾಲುದ್ದಕ್ಕೆ ತರಿದು, ದಪ್ಪ ಕಾಂಡದ ತೊಗಟೆ ಸೀಳಿ, ತಾನು ತಂದ ರೋಜಾದ ಕಣ್ಣನ್ನು, ಅಂದರೆ ಚಿಗುರೊಡೆಯುವ ಗೆಣ್ಣನ್ನು, ಅದರೊಳಗೆ ಕೂರಿಸಿ ಬಾಳೆ ನಾರು ಸುತ್ತುತ್ತಿದ್ದ. ಕೊಡ ಕೆಳಗಿಟ್ಟೆನೋ ಎತ್ತಿ ಹಾಕಿದೆನೋ ನೆನಪಿಲ್ಲ.

"ಏನ್ ಮಾಮಾ ಇದು? ನಮ್ಮವ್ವನ ಗಿಡ!"

"ಸುಮ್ಮಿರು ತಾಯೀ. ವಾಸನೆ ಇಲ್ದ ಹೂ. ಇದ್ರೇನು, ಹೋದ್ರೇನು?"

ತೋಟಗಾರ ತಮಿಳಿನಲ್ಲಿ, "ಪಯಪ್ಪಡಾದೀಂಗಮ್ಮಾ" ಅಂದ. ಹೆದರಬೇಡಿ ಅಂತ! ಹೆದರಿದವರು ಯಾರು ಇಲ್ಲಿ? ನಿಮ್ಮ ಈ ಗಿಡ ಚೀನಾ ಜಾತಿ, ಸೆಕೆಗೆ ಜಗ್ಗದ ಬೇರು, ದೊರೆಗಳು ಇದನ್ನು ಬೇರಿಗಾಗಿ ಮಾತ್ರ ಇಟ್ಟುಕೊಳ್ಳುತ್ತಾರೆ ಎಂದು ವಿವರಿಸಿದ. ಬೆಟ್ಟದ ಚಳಿಯಲ್ಲಿ ಗಿಡ ಮಲಗುತ್ತದೆ, ಆಗ ತರಿದರೆ ತಡೆಯುತ್ತದೆ. ಇಲ್ಲಿ ಯಾವ ಚಳಿ ಇತ್ತು? ಹೋಗುವಾಗ ಎರಡು ಮಾತು ಹೇಳಿ ಹೋದ. ಬಂಗಲೆ ಹೂ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ಮೇಲೊಂದು ತಟ್ಟಿ ಕಟ್ಟಿ. ಮತ್ತೆ, ನಾರಿನ ಕಟ್ಟಿನ ಕೆಳಗೆ ಏನೇ ಚಿಗುರಿದರೂ ಉಜ್ಜಿ ತೆಗೆಯಿರಿ, ಅದು ಕಳ್ಳ ಚಿಗುರು.

ಕಳ್ಳ ಚಿಗುರಂತೆ! ಬೇರು ಯಾರದು, ನೆಲದಿಂದ ನೀರು ಎಳೆಯುವವರು ಯಾರು, ಕಳ್ಳರು ಯಾರು?

ತರಿದೆಸೆದ ಕೊಂಬೆಗಳನ್ನು ಆಯ್ದು ನೆರಳಲ್ಲಿ ನೆಟ್ಟೆ. ಆಡು ನುಗ್ಗಿ ಬುಡಸಮೇತ ಕಿತ್ತು ಮೇಯ್ದು ಹೋಯಿತು. ಬಂಗಲೆ ಕಣ್ಣು ಚಿಗುರಿದಾಗ ಮಾವ ಅದಕ್ಕೆ ಬೆಳಕು ಸಾಲದೆಂದು ಕಣಗಿಲೆಯನ್ನೂ ಕಡಿಸಿದರು. ದಿನಾ ಬೆಳಿಗ್ಗೆ ಬಗ್ಗಿ, ಕಟ್ಟಿನ ಕೆಳಗಿನ ಕೆಂಪು ಚಿಗುರುಗಳನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ನಾನು ಪಾತ್ರೆ ತಿಕ್ಕುತ್ತಾ ನೋಡುತ್ತಿದ್ದೆ. ಅವರ ಆ ಹೆಬ್ಬೆರಳು ಸೇದಿ ಹೋಗಲಿ ಎಂದು ಶಪಿಸಿದ್ದೂ ಉಂಟು.

ಒಂದು ಚಿಗುರು ಮಾತ್ರ ಕಲ್ಲಿನ ಹಿಂಬದಿಗೆ ಹೊರಟಿತ್ತು. ಮಾವನ ಕೆಮ್ಮು ಕೇಳಿದ ಕೂಡಲೇ ಒದ್ದೆ ಸೀರೆಯನ್ನು ಅದರ ಮೇಲೆ ಹರವಿಬಿಡುತ್ತಿದ್ದೆ. ಸೊಸೆಯ ಒದ್ದೆ ಸೀರೆಯನ್ನು ಮಾವ ಮುಟ್ಟುವ ಹಾಗಿಲ್ಲ. ಹೀಗೇ ಅದು ಉಳಿಯಿತು. ಎಲೆ ನೋಡಿ ಇನ್ನೂ ಗಟ್ಟಿ ಮಾಡಿಕೊಂಡೆ. ಕಿರಿದು, ತುದಿ ಚೂಪು, ಎಣ್ಣೆ ಹಚ್ಚಿದ ಹೊಳಪು, ಎಳೆಯದರಲ್ಲಿ ಕೆಂಪು, ಅಲ್ಲೊಂದು ಇಲ್ಲೊಂದು ಮುಳ್ಳು. ಅವ್ವನದೇ.

ಚಿತ್ತಿರೆಯ ಹಿಂದಿನ ಪಂಗುನಿ ತಿಂಗಳಲ್ಲಿ ಮಾವ ಮತ್ತು ನನ್ನ ಗಂಡ ಎತ್ತುಗಳ ಜೊತೆ ಬೆಟ್ಟಕ್ಕೆ ಹೋದರು. ಕೆಳಗೆ ಬಿಸಿಲು ಏರಿತು. ತಟ್ಟಿ ಕಟ್ಟಿದ್ದರೂ ಬಂಗಲೆ ಚಿಗುರು ಬಾಡಿ, ಒಣಗಿ, ಕರಿಕಡ್ಡಿಯಾಯಿತು. ನಾನು ನೀರು ಹಾಕಲಿಲ್ಲ ಅನ್ನುವ ಹಾಗಿಲ್ಲ, ಒಂದೇ ಬೇರಿಗೆ ಹಾಕಿದ ನೀರು. ಅವ್ವನ ಕೊಂಬೆ ಅದೇ ನೀರು ಕುಡಿದು ಕಲ್ಲನ್ನು ಬಳಸಿ ಮೇಲೆದ್ದು, ಆ ಕರಿಕಡ್ಡಿಯನ್ನು ಎಲೆಗಳಲ್ಲಿ ಮುಚ್ಚಿಬಿಟ್ಟಿತು.

ಪೂಜೆಯ ಹಿಂದಿನ ದಿನ ಬೆಳಿಗ್ಗೆ ಮಾವ ಬೆಟ್ಟ ಇಳಿದು ಬಂದರು. ಗಿಡದಲ್ಲಿ ಒಂದು ಹೂ ಆಗತಾನೇ ಬಿರಿದಿತ್ತು, ತಿಳಿಗುಲಾಬಿ. ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ, ಕುಲದ ಹಿರಿಯರನ್ನೆಲ್ಲ ಕರೆತಂದು ತೋರಿಸಿದರು.

"ಪಾರುಂಗೋ, ನೋಡಿ! ದೊರೆ ಬಂಗ್ಲೆ ರೋಜಾ. ಗಿಡ ಎಳೇದು, ಅದಕ್ಕೆ ಹೂ ಸಣ್ಣಗದೆ."

ನಾನು ಬಾಗಿಲ ಹಿಂದೆ ನಿಂತು ಹಲ್ಲು ಕಚ್ಚಿಕೊಂಡೆ. ಈಗಲೇ ಬಾಯಿ ಬಿಟ್ಟರೆ ಸೊಸೆಯ ಮಾತು ಯಾರು ನಂಬುತ್ತಾರೆ? ಬಿಸಿಲು ತನ್ನ ಕೆಲಸ ಮಾಡಲಿ ಎಂದು ತಟ್ಟಿಯನ್ನು ಎತ್ತಿ ಬಿಸಾಕಿದೆ.

ಮಾರನೆಯ ದಿನ ಹೂ ಕೀಳಲು ತಟ್ಟೆ ಹಿಡಿದು ಬಂದ ಮಾವ, ಹಿಂದೆ ಬಂದ ಹಿರಿಯರು, ಎಲ್ಲರೂ ನಿಂತಲ್ಲೇ ನಿಂತರು. ಅದೇ ತೊಟ್ಟಿನಲ್ಲಿ ಅದೇ ಹೂ. ಬಣ್ಣ ಮಾತ್ರ ಬೀಟೆಮರದಂತೆ ಕೆಂಗಪ್ಪು.

"ಅಡಿಯೇ! ಬಂಗ್ಲೆ ಹೂ ಎಲ್ಲಿ? ಕಿತ್ಕೊಂಡು ಬೇರೆದು ಸಿಕ್ಕಿಸಿದ್ದೀಯಾ? ದೇವ್ರ ಹೂವಲ್ಲೂ ಕಳ್ಳತನವಾ?" ಎಂದು ಹಿರಿಯರ ಮುಂದೆ ಕೂಗಿದರು.

ಕಳ್ಳತನ ಅನ್ನುವ ಮಾತು ಕೇಳಿದ್ದೇ ತಡ, ನನ್ನ ತಲೆಯ ಮೇಲಿನ ಸೆರಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಹೋಗಿ ಎಲೆಗಳನ್ನು ಎರಡೂ ಕೈಯಿಂದ ಸರಿಸಿದೆ. ನಾರಿನ ಕಟ್ಟು, ಅದರ ಮೇಲೆ ಕರಿಕಡ್ಡಿ, ಅದರ ಕೆಳಗಿನಿಂದ ಎದ್ದ ಹಸಿರು ಕೊಂಬೆ.

"ನೋಡಿ ಮಾಮಾ, ಕಣ್ಣು ಬಿಟ್ಟು ನೋಡಿ! ನಿಮ್ಮ ಬಂಗ್ಲೆ ಹೂ ಸತ್ತು ತಿಂಗಳಾಯ್ತು. ಅದು ಬಿಸಿಲಿಗೆ ಬಿಳಿಚೋ ಹೂ ಅಂತ ಆ ತೋಟದವನೇ ಹೇಳಿದ್ನಲ್ಲ? ಇದು ಬಿಸಿಲಿಗೆ ಕಪ್ಪಾಗೋ ಹೂ. ನಿಮ್ಮಕ್ಕ ಇದೇ ಹಿತ್ತಲಲ್ಲಿ ಕಿತ್ತು ಮುಡೀತಿದ್ದ ಹೂ. ಅವಳ ಸೊಂಟದ ಮೇಲೆ ಕೂತು ಅವಳ ಜಡೆ ಎಳೆದೋರು ನೀವು, ನಿಮಗೇ ಗುರ್ತು ಸಿಗ್ಲಿಲ್ವಾ? ಒಂದ್ಸಲ ಕೊಟ್ಟಿಗೆಗೆ ಅಂತ ಕಿತ್ರಿ, ಇನ್ನೊಂದ್ಸಲ ಜಂಬಕ್ಕೆ ಅಂತ ಕಡಿದ್ರಿ. ಈಗ ನಾನು ಕಳ್ಳಿಯಾ?"

ಮಾವ ಬಗ್ಗಿ ಹೂವಿನ ಹತ್ತಿರ ಮುಖ ಒಯ್ದರು. ವಾಸನೆ ಇಲ್ಲದ ಹೂ ಅಂದಿದ್ದರಲ್ಲ, ಹತ್ತಿರ ಹೋದವರಿಗೆ ಅದರಲ್ಲಿ ಮೆಣಸಿನ ಘಾಟು ಸಣ್ಣಗೆ ಸಿಗುತ್ತದೆ. ಅವರು ಎಷ್ಟೋ ಹೊತ್ತು ಹಾಗೇ ಬಗ್ಗಿದ್ದರು. ಎದ್ದಾಗ ಮುಖ ಬಾಡಿತ್ತು. ಹೊರಗೆ ತಮಟೆ ಶುರುವಾಗಿತ್ತು. ಬೇರೆ ಮನೆಗಳವರು ಹೂ ಹಿಡಿದು ಬೀದಿಗೆ ಇಳಿಯುತ್ತಿದ್ದರು. ನಮ್ಮ ಹಿತ್ತಿಲಲ್ಲಿ ಕಣಗಿಲೆಯೂ ಇರಲಿಲ್ಲ, ಇದ್ದದ್ದು ಈ ಒಂದು ಹೂ.

"ಕಿತ್ಕೊಳ್ಳಲಾ ತಾಯೀ?" ಎಂದರು ಮಾವ.

ಆ ಮನೆಗೆ ಕಾಲಿಟ್ಟ ಮೇಲೆ ಅವರು ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು.

"ಕೂಡದು" ಅಂದೆ.

ಖಾಲಿ ತಟ್ಟೆ ಹಿಡಿದುಕೊಂಡೇ ಪೂಜೆಗೆ ಹೋದರು.