ಪಡುವಣ ಗೋಡೆಗೆ ತೂಗಿದ ವೀಣೆ

ಕೆಟ್ಟ ಸುದ್ದಿ ಹೇಳಲು ಹರಿದಾಸನಿಗೆ ನಾಲಿಗೆಯೇ ಏಳದು. ಅಪ್ಪ ತೀರಿಕೊಂಡ ದಿನವೂ ಅಕ್ಕ ತುಂಗಾಳಿಗೆ ಫೋನಿನಲ್ಲಿ 'ಸ್ವಲ್ಪ ಸೀರಿಯಸ್ಸು' ಎಂದಷ್ಟೇ ಹೇಳಿ ಬಸ್ಸು ಹತ್ತಿಸಿದ ಪುಣ್ಯಾತ್ಮ. ಹೀಗಿರುವಾಗ 2002ರಲ್ಲಿ ಸಕ್ಕರೆ ಕಾಯಿಲೆ ಅಕ್ಕನ ಕಣ್ಣನ್ನು ತಿಂದಿತು. ಡಾಕ್ಟರು ಅವನೊಬ್ಬನನ್ನೇ ಹೊರಗೆ ಕರೆದು, ಇನ್ನು ದೃಷ್ಟಿ ಬಾರದು ಎಂದರು. ಅವನು ಒಳಗೆ ಬಂದು, "ಮೆಲ್ಲಮೆಲ್ಲಗೆ ಸರಿಯಾಗಿ ಹೋಗತ್ತಂತೆ ಅಕ್ಕ" ಎಂದ.

ಇಬ್ಬರೂ ಮದುವೆಯಾದವರಲ್ಲ. ಆಸ್ಪತ್ರೆಗೆ ಹತ್ತಿರವಾಗಲೆಂದು ಅಡ್ಯಾರ್ ಬಿಟ್ಟು ಕೀಲ್ಪಾಕ್‌ನಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆ ಹಿಡಿದರು. ಆ ಮನೆಯನ್ನು ತುಂಗಾ ಕಣ್ಣಿನಿಂದ ನೋಡಲೇ ಇಲ್ಲ. ವೀಣೆ ಕಲಿಯಲು ಬರುತ್ತಿದ್ದ ಹುಡುಗಿಯರೂ ಅಷ್ಟು ದೂರ ಬರಲಿಲ್ಲ. ಬೆಳಿಗ್ಗೆ ಒಂದು ಗಂಟೆ ತಾನೇ ನುಡಿಸಿಕೊಳ್ಳುತ್ತಿದ್ದಳು. ಅವಳಿಗೆ ಉಳಿದದ್ದು ಅದೊಂದೇ.

ಒಂದು ದಿನ ಗೋಡೆ ತಡವಿಕೊಂಡು ಬರುವಾಗ ಚಾಪೆಯ ಮೇಲಿದ್ದ ವೀಣೆಗೆ ಕಾಲು ತಾಗಿತು. ಏಟು ಬಿದ್ದದ್ದು ಅವಳ ಕಾಲ್ಬೆರಳಿಗೆ. ಅವಳು ಅತ್ತದ್ದು ಸರಸ್ವತಿಯನ್ನು ಒದ್ದೆನಲ್ಲ ಎಂದು. ಬಗ್ಗಿ ವೀಣೆಯನ್ನು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಜನ್ಮದಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆಯದ ಹರಿದಾಸ, ವೀಣೆಯನ್ನು ಕಾಲಿಗೆ ಸಿಗದಂತೆ ಗೋಡೆಗೆ ನಿಲ್ಲಿಸಲೆಂದು ಹಳೇ ಬಾಗಿಲಿನ ತೇಗದ ಹಲಗೆ ತಂದ. ಹದಿನೈದು ದಿನ ಗರಗಸದೊಡನೆ ಗುದ್ದಾಡಿದ. ಕೆಳಗೆ ವೀಣೆಯ ದುಂಡನೆಯ ಕೊಡ ಕೂರಲು ಒಂದು ಪೀಠ, ಮೇಲೆ ಉದ್ದನೆಯ ದಂಡಿಯನ್ನು ಹಿಡಿಯಲು ಎರಡು ತೋಳು, ಅವಕ್ಕೆ ತನ್ನ ಹಳೇ ಮಫ್ಲರಿನ ಸುತ್ತು. ಮೂಲೆಗಳು ಸೊಟ್ಟಗಿದ್ದರೂ ಭದ್ರವಾಗಿತ್ತು. ಜನವರಿಯ ಬೆಳಿಗ್ಗೆ ಅಕ್ಕನ ಮಂಚದ ಪಕ್ಕದ ಗೋಡೆಗೆ ಅದನ್ನು ಬಿಗಿದ.

"ಬಿಸಿಲಿಗೆ ಕಾಯೋ ಗೋಡೆ ಅಲ್ಲ ತಾನೆ?" ಎಂದು ಕೇಳಿದಳು ತುಂಗಾ.

ಅಂಗೈ ಇಟ್ಟು ನೋಡಿದ. "ಇಲ್ಲಕ್ಕ, ಮಣ್ಣಿನ ಮಡಕೆ ಥರ ತಣ್ಣಗಿದೆ." ಅಂದು ಅದು ನಿಜವೇ ಆಗಿತ್ತು.

ಮಾರ್ಚಿನಲ್ಲಿ ಆಸ್ಪತ್ರೆಗೆ ಹೋದಾಗ ಹೊಸ ಡಾಕ್ಟರೊಬ್ಬ ಕಣ್ಣಿನ ವಿಷಯವನ್ನು ಅವಳಿಗೇ ನೇರವಾಗಿ ಹೇಳಿಬಿಟ್ಟ. ಆಟೋದಲ್ಲಿ ಮನೆಗೆ ಬರುವಷ್ಟು ಹೊತ್ತೂ ಅವಳು ತಮ್ಮನನ್ನು ಏನೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಅವಳು ನುಡಿಸುತ್ತ ನುಡಿಸುತ್ತ ನಿಲ್ಲಿಸಿದಳು. ತಂತಿಗಳನ್ನು ಮತ್ತೆ ಶ್ರುತಿ ಮಾಡಿಕೊಂಡಳು. ಮತ್ತೆ ನಿಲ್ಲಿಸಿದಳು.

"ಸ್ವರ ಸೇರ್ತಾ ಇಲ್ಲ ಹರಿ. ಕಣ್ಣಿನ ಹಿಂದೆ ಕಿವೀನೂ ಹೊರಟಿತು."

ಸಂಜೆ ಅನುಮಾನ ಬಂದು ಅವನು ಗೋಡೆಗೆ ಕೈಯಿಟ್ಟ. ದೋಸೆಕಲ್ಲಿನಂತೆ ಸುಡುತ್ತಿತ್ತು. ಪಡುವಣದ ಬಿಸಿಲು ಇಡೀ ಮಧ್ಯಾಹ್ನ ಅದರ ಬೆನ್ನಿಗೆ ಹೊಡೆಯುತ್ತದೆ. ತಂತಿ ಒತ್ತಿ ಸ್ವರ ಹಿಡಿಯುವ ವೀಣೆಯ ಕಂಚಿನ ಮೆಟ್ಟಿಲುಗಳು ಕೂತಿರುವುದು ಬರೀ ಮೇಣದಲ್ಲಿ. ಆ ಮೇಣ ಮೆತ್ತಗಾಗಿ, ನಿಂತ ವೀಣೆಯಲ್ಲಿ ಮೆಟ್ಟಿಲುಗಳು ಕೂದಲೆಳೆಯಷ್ಟು ಕೆಳಗೆ ಜಾರಿದ್ದವು. ತಪ್ಪೆಲ್ಲ ತನ್ನದು ಎಂದು ತಿಳಿದು ಅವನಿಗೆ ಕುಣಿಯುವಷ್ಟು ಸಂತೋಷವಾಯಿತು.

"ಅಕ್ಕ, ನಿನ್ನ ಕಿವಿ ಸರಿಯಾಗೇ ಇದೆ. ಗೋಡೆ ಕಾದು ಮೇಣ ಜಾರಿದೆ. ಮುಟ್ಟಿ ನೋಡು."

"ಮೇ ತಿಂಗಳಲ್ಲಿ ಯಾವ ಗೋಡೆ ಸುಡಲ್ಲ?" ಎಂದಳು. ಕೈ ಚಾಚಲಿಲ್ಲ.

ಮರುದಿನ ವೀಣೆ ರಿಪೇರಿಯ ಬಾಬುವನ್ನು ಕರೆತಂದ. ಬಾಬು ವೀಣೆಯನ್ನು ಕಂಡೊಡನೆ ತಮಿಳಿನಲ್ಲಿ, "ಮೆಳುಗು ಉರುಗಿಡುಚ್ಚು ಅಮ್ಮಾ" ಎಂದ. ಮೇಣ ಕರಗಿದೆ ಅಂತ. ಮಧ್ಯಾಹ್ನದವರೆಗೆ ಕೂತು ಒಂದೊಂದೇ ಮೆಟ್ಟಿಲು ಸರಿಪಡಿಸಿ, ತಾನೇ ಸರಿಗಮ ನುಡಿಸಿ ತೋರಿಸಿದ. ಹರಿದಾಸನ ಕಿವಿಗೂ ಅದು ಇಂಪಾಗಿ ಕೇಳಿತು.

ಬಾಬು ಹೋದ ಮೇಲೆ ಹರಿದಾಸ ವೀಣೆಯನ್ನು ಅವಳ ಮುಂದಿಟ್ಟ. "ನೀನೇ ಒಂದು ಸಲ ನುಡಿಸಿ ನೋಡಕ್ಕ."

"ಬೇಡ. ಕೇಳೋ ಕಿವಿ ಇರೋನು ನುಡಿಸಿದ್ರೆ ವೀಣೆ ಸರಿಯಾಗೇ ಇರತ್ತೆ. ಅವನಿಗೂ ನೀನೇ ಹೇಳಿಕೊಟ್ಟು ಕರಕೊಂಡು ಬಂದ್ಯಾ?"

"ದೇವರಾಣೆ ಇಲ್ಲ ಅಕ್ಕ."

ತುಂಗಾ ಅವನ ಕೈ ಹುಡುಕಿ ಹಿಡಿದುಕೊಂಡಳು. "ಕಣ್ಣು ಬರತ್ತೆ ಅಂತ ಹತ್ತು ತಿಂಗಳು ಹೇಳ್ದೆ. ಸಾಕು, ನೀನೂ ದಣಿದಿದೀಯ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಮ್ಮನ ಮೇಲೆ ಕನಿಕರವಿತ್ತು. ಅದನ್ನು ಹರಿದಾಸನಿಗೆ ತಡೆಯಲಾಗಲಿಲ್ಲ.