ಬೋಳುತಲೆಯ ಮುತ್ತೈದೆ

ನನಗೆ ಹದಿನಾರು ವರ್ಷವಿದ್ದಾಗ ಶಹಾಬಾದಿನ ತವರುಮನೆಯಲ್ಲಿ ವಿಷಮಜ್ವರ ಬಂತು. ಇಪ್ಪತ್ತೊಂದು ದಿನ ಮಲಗಿದೆ. ಜ್ವರ ಇಳಿಯುವ ಹೊತ್ತಿಗೆ ಕೂದಲು ಹಿಡಿಹಿಡಿಯಾಗಿ ದಿಂಬಿನ ಮೇಲೆ ಉದುರತೊಡಗಿತು. ಉಳಿದದ್ದು ಜಡೆಗಟ್ಟಿತ್ತು. ಪೂರ್ತಿ ತೆಗೆಸಿಬಿಡಿ ಎಂದರು ಹಕೀಮರು. ನಮ್ಮದು ಕುಲಕರ್ಣಿ ಮನೆತನ. ನಮ್ಮಲ್ಲಿ ಆಗ ಹೆಣ್ಣಿನ ತಲೆ ಬೋಳಿಸುತ್ತಿದ್ದುದು ಒಂದೇ ಕಾರಣಕ್ಕೆ, ಗಂಡ ಸತ್ತ ಹತ್ತನೆಯ ದಿನ. ಅವ್ವ ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ಅಳುತ್ತಲೇ ಹಿತ್ತಲ ಬಾಗಿಲಿನಿಂದ ಕ್ಷೌರದವನನ್ನು ಕರೆಸಿದಳು.

ಈ ಸುದ್ದಿಯನ್ನು ಸೇಡಂನ ನನ್ನ ಅತ್ತೆಯ ಮನೆಗೆ ತಿಳಿಸಲಿಲ್ಲ. ರೋಗಿಷ್ಠ ಹುಡುಗಿಯನ್ನು ಕೊಟ್ಟರು ಎಂದಾರೆಂಬ ಭಯ ಅಪ್ಪನಿಗೆ. ಕೂದಲು ಒಂದಿಷ್ಟು ಬಂದ ಮೇಲೆ ಕಳಿಸಿದರಾಯಿತು ಎಂದುಕೊಂಡಿದ್ದರು. ಅಷ್ಟರಲ್ಲಿ ಮಾವನವರ ಕಾಗದ ಬಂತು. ಮಗಳಿಗೆ ಏಳನೆಯ ತಿಂಗಳು, ಕುಬುಸದ ಕಾರ್ಯ ಇಟ್ಟುಕೊಂಡಿದ್ದೇವೆ, ಸೊಸೆಯನ್ನು ತಪ್ಪದೆ ಕಳಿಸಿರಿ. ಬಸುರಿಗೆ ಆರತಿ ಮಾಡುವ ಕಾರ್ಯಕ್ಕೆ ಮನೆಯ ಸೊಸೆ ಬರುವುದಿಲ್ಲ ಎನ್ನಲು ಯಾವ ನೆಪವೂ ನಡೆಯುತ್ತಿರಲಿಲ್ಲ. ನನ್ನ ತಲೆ ಅಂಗೈ ಸವರಿದರೆ ಚುಚ್ಚುತ್ತಿತ್ತು, ಅಷ್ಟೇ.

ಅಣ್ಣ ನನ್ನನ್ನು ಕರೆದುಕೊಂಡು ಹೊರಟ. ಅವ್ವ ಹಸಿರು ಸೀರೆ ಉಡಿಸಿ, ಸೆರಗನ್ನು ಹಣೆಯ ತನಕ ಎಳೆದು ಕಿವಿಯ ಹಿಂದೆ ಸಿಕ್ಕಿಸಿದಳು. ಸೊರಗಿದ ಕೈಯಲ್ಲಿ ಬಳೆ ನಿಲ್ಲುತ್ತಿರಲಿಲ್ಲ. ಸೇಡಂನಲ್ಲಿ ಸಣ್ಣ ಅಳತೆಯವು ಇಡಿಸಿಕೋ ಎಂದಳು.

ವಾಡಿಯಲ್ಲಿ ಗಾಡಿ ಬದಲಿಸಬೇಕು. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಹೆಂಗಸು ಮದುವೆಯ ವಯಸ್ಸಿನ ಮಗಳೊಂದಿಗೆ ನನ್ನ ಪಕ್ಕ ಕೂತು, ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತಿದ್ದಳು. ನಿಲ್ಲದೆ ಹೋದ ಗಾಡಿಯ ಗಾಳಿಗೆ ನನ್ನ ಸೆರಗು ಹಾರಿತು. ಆಕೆ ಮಾತು ಅರ್ಧಕ್ಕೆ ಬಿಟ್ಟು ಮಗಳನ್ನು ಎಬ್ಬಿಸಿಕೊಂಡು ಆಚೆ ಹೋದಳು. ಮಗಳು ತಿರುಗಿ ನೋಡಿದರೆ ಕೈ ಹಿಡಿದು ಜಗ್ಗಿದಳು.

"ಜ್ವರ ಬಂದಿತ್ತಂತ ಹೇಳಬಾರದೇನಣ್ಣಾ?" ಎಂದೆ.

"ಎಷ್ಟು ಮಂದಿಗಿ ಹೇಳ್ಲಿ? ಸುಮ್ನ ಸೆರಗ ಹೊತ್ಗೋ," ಎಂದ ಅಣ್ಣ ನೆಲ ನೋಡುತ್ತ.

ಚಿತ್ತಾಪುರ ದಾಟಿದ ಮೇಲೆ ಮಳೆ ಹಿಡಿಯಿತು. ಸೇಡಂ ಸ್ಟೇಷನ್ನಿನಿಂದ ಮನೆ ಮುಟ್ಟುವಷ್ಟರಲ್ಲಿ ಇಬ್ಬರೂ ತೊಯ್ದಿದ್ದೆವು. ದಾರಿಯುದ್ದಕ್ಕೂ ಮುಖ ಒರೆಸಿಕೊಳ್ಳುತ್ತ ಬಂದೆ. ಕುಂಕುಮ ಹೋದದ್ದು ತಿಳಿಯಲಿಲ್ಲ.

ಅತ್ತೆ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಾಗಿಲಿಗೆ ಬಂದರು. ನಾನು ನಮಸ್ಕಾರಕ್ಕೆ ಬಗ್ಗಿದೆ. ಒದ್ದೆ ಸೆರಗು ಜಾರಿ ಹೆಗಲಿಗೆ ಬಿತ್ತು. ತಂಬಿಗೆ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿ ತಲೆ ಎತ್ತಿದೆ. ಅತ್ತೆ ನನ್ನ ತಲೆ ನೋಡಿದರು, ಹಣೆ ನೋಡಿದರು, ಬರಿಗೈ ನೋಡಿದರು. ಆಮೇಲೆ ನೆಲ ನೋಡುತ್ತ ನಿಂತ ಅಣ್ಣನನ್ನು ನೋಡಿದರು.

"ಹತ್ತು ದಿನ ಆಗಿಹೋತೇನು?" ಎಂದರು. "ನನ್ನ ಮಗ ಹೋಗಿ ಹತ್ತು ದಿನ ಆತು, ನನಗ್ಯಾಕ ಹೇಳಲಿಲ್ಲಪ್ಪಾ?"

ನನ್ನ ಗಂಡ ಹೈದರಾಬಾದಿನ ಕಚೇರಿಯೊಂದರಲ್ಲಿ ಉರ್ದು ಗುಮಾಸ್ತರಾಗಿದ್ದರು. ಶಹರದಲ್ಲಿ ಕಾಲರಾ ಎದ್ದಿದೆ ಎಂಬ ಮಾತು ಊರಲ್ಲಿ ಹಬ್ಬಿತ್ತು. ಒಂದೂವರೆ ತಿಂಗಳಿಂದ ಅವರ ಕಾಗದ ಬಂದಿರಲಿಲ್ಲ. ಅತ್ತೆ ದಿನಾಲೂ ಆ ಭಯದಲ್ಲೇ ಇದ್ದವರು. ನನ್ನ ಬೋಳುತಲೆ ಆ ಭಯವನ್ನು ನಿಜ ಮಾಡಿ ತೋರಿಸಿತು.

"ಹಂಗೇನಿಲ್ರಿ, ಜ್ವರ ಬಂದಿತ್ರಿ," ಎಂದು ಅಣ್ಣ ತೊದಲಿದ.

"ಜ್ವರ ಬಂತಂತ ಮುತ್ತೈದಿ ತಲಿ ಯಾರು ಬೋಳಸ್ತಾರ? ಬಸುರಿ ಮನ್ಯಾಗಿದಾಳಂತ ಮುಚ್ಚಿಡ್ಲಿಕತ್ತೀರಿ!"

ಒಳಗಿನಿಂದ ಬಂದ ಮಾವನವರು ಒಂದೇ ಪ್ರಶ್ನೆ ಕೇಳಿದರು. "ಅವನ ಖಬರ ನಿಮಗ ಯಾವಾಗ ಬಂದಿತ್ತು?"

"ನಮಗೂ ಬಂದಿಲ್ರಿ."

ಅಣ್ಣ ಹೇಳಿದ್ದು ನಿಜ. ಆದರೆ ಆ ನಿಜದಿಂದ ಅತ್ತೆಯ ಅಳು ಇನ್ನೂ ಏರಿತು. ನಾನು ಕೊರಳಿನ ತಾಳಿಯನ್ನು ಹೊರಗೆ ತೆಗೆದು ಹಿಡಿದೆ. ಕಾಲಲ್ಲಿ ಕಾಲುಂಗುರವಿತ್ತು, ಉಟ್ಟ ಸೀರೆ ಹಸಿರಿತ್ತು. ಯಾರ ಕಣ್ಣಿಗೂ ಅವು ಬೀಳಲಿಲ್ಲ. "ಅದನ್ನ ತೋರಸಬ್ಯಾಡ," ಎಂದು ಅತ್ತೆ ಮುಖ ತಿರುಗಿಸಿದರು. ಮಾವನವರು ಅಣ್ಣನನ್ನು ಕರೆದುಕೊಂಡು ಹೈದರಾಬಾದಿಗೆ ತಂತಿ ಕೊಡಲು ಮಳೆಯಲ್ಲೇ ಸ್ಟೇಷನ್ನಿಗೆ ಹೋದರು.

ಬಸುರಿ ನಾದಿನಿಯನ್ನು ಕೋಣೆಯಲ್ಲಿ ಕೂರಿಸಿ, ನನ್ನ ಮುಖ ಕಾಣದಂತೆ ಬಾಗಿಲು ಮುಂದಕ್ಕೆ ಎಳೆದರು. ನಾನು ಒದ್ದೆ ಸೀರೆಯಲ್ಲೇ ಪಡಸಾಲೆಯ ಕಂಬಕ್ಕೆ ಒರಗಿ ಕೂತೆ. ಕೂತಷ್ಟು ಹೊತ್ತೂ ನನಗೇ ಅನುಮಾನ ಬರತೊಡಗಿತು. ಅಪ್ಪ ನನ್ನಿಂದ ಏನಾದರೂ ಮುಚ್ಚಿಟ್ಟಿದ್ದರೆ? ಹಕೀಮರ ಮಾತು ನೆಪವಾಗಿದ್ದರೆ? ಅವ್ವ ಅಷ್ಟು ಅತ್ತದ್ದು ಬರೀ ಕೂದಲಿಗೋ?

ಇನ್ನು ತಡೆಯಲಾಗಲಿಲ್ಲ. ಎದ್ದು ದೇವರ ಮನೆಗೆ ಹೋಗಿ ಕುಂಕುಮದ ಭರಣಿಗೆ ಬೆರಳಿಟ್ಟು ಹಣೆಯ ತುಂಬ ಹಚ್ಚಿಕೊಂಡೆ. ಅತ್ತೆ ಹಿಂದೆಯೇ ಬಂದಿದ್ದರು.

"ಒರಸ್ಕೋ. ಮೊದಲ ಖಬರ ಬರ್ಲಿ."

"ಖಬರ ಬರೂತನಕ ಒರಸಂಗಿಲ್ರಿ, ಅತ್ತೀ."

ಅವರಿಗೆ ಎದುರಾಡಿದ್ದು ಅದೇ ಮೊದಲು. ಅತ್ತೆಯ ಕೈ ಮೇಲೆದ್ದಿತು. ಹೊಡೆಯಲಿಕ್ಕೋ, ಒರೆಸಲಿಕ್ಕೋ, ಇಂದಿಗೂ ತಿಳಿಯದು. ಅಷ್ಟರಲ್ಲಿ ಅಡಿಗೆಮನೆಯಿಂದ ಮಾವನವರ ಅಕ್ಕ ಬಂದರು. ಮನೆಯವರೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹನ್ನೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಬೋಳುತಲೆ, ಕೆಂಪು ಸೀರೆ. ನಲವತ್ತು ವರ್ಷದಿಂದ ಆ ಮನೆಯ ಅಡಿಗೆ ಅವರ ಕೈಯಲ್ಲೇ ನಡೆದಿತ್ತು. ಮಡಿ ಹೋದೀತೆಂದೂ ನೋಡದೆ ನನ್ನ ತಲೆಯ ಮೇಲೆ ಅಂಗೈ ಇಟ್ಟು ನಿಧಾನಕ್ಕೆ ಸವರಿದರು.

"ಜ್ವರದ್ದೇ ಅದವ್ವ," ಎಂದರು ಅತ್ತೆಗೆ. "ಒಂದು ಕಡಿ ಬಂದಾವ, ಒಂದು ಕಡಿ ಪೂರಾ ಉದುರ್ಯಾವ. ಚಲೋ ತಲಿಗಿ ಕತ್ತಿ ಹಚ್ಚಿದ್ರ ಹಿಂಗ ಬರಂಗಿಲ್ಲ. ನನಗ ಗೊತ್ತಿಲ್ಲೇನು?"

ಅತ್ತೆ ಎತ್ತಿದ ಕೈ ಇಳಿಸಿದರು. ಅಕ್ಕ ನನ್ನನ್ನು ಒಲೆಯ ಹತ್ತಿರ ಕರೆದೊಯ್ದು ಒಣ ಸೀರೆ ಕೊಟ್ಟರು, ಬಿಸಿ ಗಂಜಿ ಕುಡಿಸಿದರು.

ತಂತಿಯ ಉತ್ತರ ಮರುದಿನ ಮಧ್ಯಾಹ್ನ ಬಂತು. ಅದು ಇಂಗ್ಲಿಷಿನಲ್ಲಿತ್ತು, ಮನೆಯಲ್ಲಿ ಓದಬಲ್ಲವರಿರಲಿಲ್ಲ. ಮಾವನವರು ಅದನ್ನು ಹಿಡಿದು ಮತ್ತೆ ಸ್ಟೇಷನ್ ಮಾಸ್ತರರ ಬಳಿ ಹೋದರು. ನಾವೆಲ್ಲ ಬಾಗಿಲಲ್ಲಿ ನಿಂತು ದಾರಿ ಕಾಯ್ದೆವು. ಓಣಿಯ ತಿರುವಿನಲ್ಲಿ ಅವರು ಕಂಡಾಗ, ತಲೆ ತಗ್ಗಿಸಿ ನಡೆಯುತ್ತಿದ್ದರು. ಅತ್ತೆ ನನ್ನ ಮೊಣಕೈ ಹಿಡಿದರು. ಉಗುರು ಚರ್ಮಕ್ಕೆ ಇಳಿಯಿತು. ಮಾವನವರು ತಲೆ ತಗ್ಗಿಸಿದ್ದು ಕೆಸರು ನೋಡಿ ಹೆಜ್ಜೆ ಇಡಲಿಕ್ಕೆ.

"ಆರಾಮ ಇದ್ದಾನಂತ," ಎಂದರು. "ಇದೇ ವಾರ ಬರ್ತಾನಂತ."

ಕುಬುಸದ ದಿನ ಅತ್ತೆ ನನ್ನನ್ನು ಹೊರಗೆ ಬಿಡಲಿಲ್ಲ. "ಬಂದವರಿಗೆಲ್ಲಾ ಎಷ್ಟಂತ ಹೇಳ್ಲಿ? ಅಡಿಗಿ ಮನ್ಯಾಗ ಕುಂದ್ರು," ಎಂದರು. ಸಿಟ್ಟಿರಲಿಲ್ಲ, ಕೈಗೆ ಸಣ್ಣ ಅಳತೆಯ ಬಳೆಯನ್ನೂ ಇಡಿಸಿದ್ದರು. ನಾನು ಅಕ್ಕನ ಪಕ್ಕ ಕೂತು ಹೊರಗಿನ ಆರತಿಯ ಹಾಡು ಕೇಳಿದೆ.

ಎರಡು ದಿನ ಬಿಟ್ಟು ಗಂಡ ಬಂದರು. ಕಾಗದ ಬರೆಯದ್ದಕ್ಕೆ ಸೋಮಾರಿತನದ ಹೊರತು ಕಾರಣವಿರಲಿಲ್ಲ. ನನ್ನ ಹತ್ತಿರ ಮಾತಾಡುವಾಗ ಗೋಡೆ ನೋಡುತ್ತಿದ್ದರು. ಯಾಕೆಂದು ಕೇಳಿದೆ. "ನಿನ್ನ ತಲಿ ನೋಡಿದ್ರ ನಾನೇ ಸತ್ತಂಗ ಅನಸ್ತದ," ಎಂದರು. ನಗಲು ನೋಡಿದರು, ಆಗಲಿಲ್ಲ. ನನ್ನ ಕೂದಲು ಕಿವಿ ಮುಚ್ಚುವಷ್ಟು ಬಂದ ಮೇಲೆಯೇ ಅವರು ನನ್ನ ಮುಖ ನೋಡಿ ಮಾತಾಡಿದ್ದು.

ವರ್ಷದ ಮೇಲೆ ನನಗೆ ಸಣ್ಣ ಜಡೆ ಬಂದಿತ್ತು. ತವರಿಗೆ ಹೊರಟಿದ್ದೆ. ಹೊಸ್ತಿಲು ದಾಟಬೇಕು, ಅಂಗಳದಲ್ಲಿ ಅಕ್ಕ ಬಟ್ಟೆ ಒಣಹಾಕುತ್ತಿದ್ದರು. "ಸ್ವಲ್ಪ ತಡಿ, ಆಕಿ ಒಳಗ ಹೋಗ್ಲಿ," ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. ಅಕ್ಕನಿಗೆ ಅದು ಕೇಳಿಸಿತು. ಕೈಯಲ್ಲಿದ್ದ ಒದ್ದೆ ಸೀರೆಯನ್ನು ಹಾಗೇ ಬಕೆಟ್ಟಿಗೆ ಹಾಕಿ, ನನ್ನತ್ತ ನೋಡದೆ ಹಿತ್ತಲ ಕಡೆಯಿಂದ ಒಳಗೆ ಹೋದರು. ನಾನು ಅಂಗಳ ಖಾಲಿಯಾಗುವ ತನಕ ನಿಂತಿದ್ದು, ಆಮೇಲೆ ಹೊರಟೆ.