ತೊಟ್ಟಿಲು ಬಸ್ಸೇರುವ ಮುನ್ನ ಒಂದು ಸೂಜಿ

ಸುರೇಬಾನದಲ್ಲಿ ಕೃಷ್ಣವ್ವನಿಗೆ ಎಲ್ಲರೂ ನರ್ಸಬಾಯಾರು ಎನ್ನುತ್ತಿದ್ದರು. ರಾಮದುರ್ಗದ ಗೌಂಡಿಯೊಬ್ಬರ ಮಗಳು. ಸೈಕಲ್ ಕಲಿತದ್ದು ನೌಕರಿಗೆ ಬಂದ ಮೇಲೆ. ಕಲಿಸಿದವನು ಗಂಡ ದುರ್ಗಪ್ಪ, ಬಿದ್ದಾಗ ನಕ್ಕದ್ದು ಇಡೀ ಓಣಿ. ಆಕೆಯೂ ಕೂತಲ್ಲೇ ನಕ್ಕಿದ್ದಳು.

ನೌಕರಿಗೆ ಸೇರಿದ ಮೊದಲ ಚಳಿಗಾಲದಲ್ಲಿ ಗಂಟಲುಮಾರಿಯಿಂದ, ಅಂದರೆ ಡಿಫ್ತೀರಿಯಾದಿಂದ, ಒಂದು ಮಗು ಅವಳ ಕಣ್ಣೆದುರೇ ಹೋಯಿತು. ವಿಷ ಮುರಿಯುವ ಸೀರಂ ಸಿಕ್ಕಿತ್ತು, ಆದರೆ ತಡವಾಗಿ. ಅದೇಕೆ ನಾಟಲಿಲ್ಲ ಎಂಬುದು ೧೯೭೮ರ ಕೊನೆಗೆ ಬೆಳಗಾವಿಯ ತರಬೇತಿಯಲ್ಲಿ ತಿಳಿಯಿತು. ಗಂಟಲಲ್ಲಿ ಕೂತ ರೋಗಾಣು ವಿಷ ಬಿಡುತ್ತದೆ. ಜೀವಕೋಶ ಅದನ್ನು ಪುಟ್ಟ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದಲ್ಲಿ ಹುಳಿ ಏರಿದಾಗ, ಮಡಚಿಕೊಂಡಿದ್ದ ವಿಷ ಬಿಚ್ಚಿಕೊಂಡು ಪೊರೆಯನ್ನು ತೂರುತ್ತದೆ. ಹುಳಿ ಇಳಿಸುವ ಲವಣ ಹಾಕಿದರೆ ಕೋಶ ಉಳಿಯುವುದನ್ನು ವಿಜ್ಞಾನಿಗಳು ಕಂಡಿದ್ದರು. ಹುಳಿಯೇ ದಾರಿ ಬಿಡಿಸುತ್ತದೆಂಬುದು ಆಗಿನ್ನೂ ಊಹೆ. ಪಾಠ ಹೇಳಿದ ಡಾಕ್ಟರೂ ಊಹೆಯೆಂದೇ ಹೇಳಿದರು. ಒಳಗಿಳಿದ ವಿಷವನ್ನು ಸೀರಂ ಮುಟ್ಟಲಾರದು ಎಂಬುದು ಮಾತ್ರ ಖಚಿತವಿತ್ತು.

ಮರುವರ್ಷ ಜನವರಿಯ ಒಂದು ಬೆಳಿಗ್ಗೆ ಈ ಪಾಠ ಸುರೇಬಾನದ ಚನ್ನವ್ವನ ಪಡಸಾಲೆಯಲ್ಲಿ ಉಪಯೋಗಕ್ಕೆ ಬಂತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ತಂಗೆವ್ವನನ್ನೂ ಐದು ತಿಂಗಳ ಕೂಸನ್ನೂ ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವ ದಿನ. ಬೈಲಹೊಂಗಲದ ಆಚೆಯ ಹಳ್ಳಿಯಿಂದ ಬೀಗತಿ ರಾಚವ್ವ ಕರೆದೊಯ್ಯಲು ಬಂದಿದ್ದಳು. ಕೂಸಿಗೆ ಗಂಟಲುಮಾರಿ ತಡೆಯುವ ಎರಡು ಸೂಜಿ ಆಗಿದ್ದವು. ಮೂರನೆಯದರ ಔಷಧ ರಾಮದುರ್ಗದಿಂದ ಬರ್ಫದಲ್ಲಿ ಬಂದದ್ದು ಅಂದೇ. ಹೀಗೆ ಊರು ಬದಲಿಸಿದ ಕೂಸುಗಳ ಕೊನೆಯ ಸೂಜಿ ಎರಡೂ ಊರುಗಳಲ್ಲಿ ತಪ್ಪಿಹೋಗುವುದನ್ನು ಕೃಷ್ಣವ್ವ ಬಹಳ ಸಲ ಕಂಡಿದ್ದಳು. ಆಕೆ ಸೈಕಲ್ ನಿಲ್ಲಿಸಿ ಒಳಬಂದಳು.

“ಇವತ್ತ ಬ್ಯಾಡ್ರಿ ಬಾಯಾರ,” ಎಂದಳು ಚನ್ನವ್ವ. “ಜ್ವರಾ ಬರ್ತಾವ. ಜಡ್ಡಿನ ಕೂಸು ಕಳಿಸಿದ್ರು ಅಂತ ಬೀಗರ ಊರಾಗ ಹೆಸರಿಡತಾರ. ರೋಗ ಬಂದಾಗ ನೋಡೂಣು.”

“ಬಂದಾಗ ತಡಾ ಆಗಿರತೈತ್ರಿ ಯವ್ವಾ. ಹಾಲಿಗೆ ಲಿಂಬಿಹುಳಿ ಬಿದ್ರ ಏನಾಗತೈತಿ?”

“ಒಡೀತೈತಿ.”

“ತಿರಗಿ ಹಾಲ ಮಾಡಿ ಕೊಡ್ರಿ.”

“ಅದೆಂಗ ಆಗತೈತಿ?”

“ಈ ವಿಷಾನೂ ಹಂಗರಿ. ಹೊರಗ ಇರೂತನಾ ಮುದ್ದಿಯಾಗಿ ಕುಂತಿರತೈತಿ. ಸೂಜಿ ಮಾಡಿಸಿದ ಮೈ ಅದನ್ನ ಅಲ್ಲೇ ಹಿಡೀತೈತಿ. ಒಳಗ ಹೋಗಿ ಹುಳಿ ಹತ್ತಿತೋ, ಬಿಚ್ಚಿಕೊಂಡು ಗ್ವಾಡಿ ತೂತ ಹೊಡೀತೈತಿ. ಆಮ್ಯಾಲೆ ಯಾರ ಕೈಗೂ ಸಿಗಂಗಿಲ್ಲ.”

ಚನ್ನವ್ವ ಬೀಗತಿಯತ್ತ ಓರೆಗಣ್ಣಿಂದ ನೋಡಿದಳು. “ನಮ್ಮ ರಾಚವ್ವಕ್ಕ ಇದ್ದಂಗ ಅನ್ರಿ. ಹೊಸ್ತಲದಾಗ ಸೆರಗ ಮುಚಗೊಂಡು ಬಂದ್ಲು. ಒಳಗ ಕಾಲಿಟ್ಟ ಮ್ಯಾಲೆ ಬಿಚ್ಚಿದ ಬಾಯಿ ಇನ್ನೂ ಮುಚ್ಚಿಲ್ಲ.”

ಪಡಸಾಲೆಯ ಹೆಂಗಸರೆಲ್ಲ ನಕ್ಕರು. ರಾಚವ್ವ ಬಿಡುವವಳಲ್ಲ.

“ಬಿಚ್ಚದ ಏನ ಮಾಡ್ಲಿ? ನಿಮ್ಮ ಸಾರು ಅಷ್ಟ ಹುಳಿ ಐತಿ!”

ನಗೆ ಅಡುಗೆಮನೆಗೂ ಹಬ್ಬಿತು. ಅದು ನಿಲ್ಲುವ ಮೊದಲೇ ರಾಚವ್ವ ಸೊಸೆಯ ಮುಂದೆ ಕೈಚಾಚಿದ್ದಳು. “ತಾರವಾ ಕೂಸು ಇಲ್ಲೆ. ಜ್ವರಾ ಬಂದ್ರ ನನ್ನ ತೊಡಿ ಮ್ಯಾಲೆ ಬರ್ತಾವ. ಮಾಡಿಸಿದಾಕಿ ನಾನಽ ಅಂತ ಹೇಳತೇನಿ. ಯಾರ ಹೆಸರಿಡತಾರ ಇಡ್ಲಿ ನೋಡತೇನಿ.”

ಚನ್ನವ್ವನೇ ಕೂಸಿನ ಕಾಲು ಹಿಡಿದಳು. ಸೂಜಿ ಇಳಿಯಿತು. ಕೂಸು ಓಣಿಗೆಲ್ಲ ಕೇಳುವಂತೆ ಅತ್ತಿತು. ತಂಗೆವ್ವನೂ ದನಿಗೂಡಿಸಿದಳು. “ಇಬ್ಬರಿಗೂ ಮಾಡಿದ್ರೇನ್ರಿ ಬಾಯಾರ?” ಎಂದು ರಾಚವ್ವ ಕೇಳಿದಾಗ ಅಳುತ್ತಿದ್ದವಳೇ ನಕ್ಕಳು. ಜ್ವರ ಬಂದರೆ ಹಣೆಗೆ ಹಸಿ ಅರಿವೆ ಹಾಕಿ ಮೊಲೆಹಾಲು ಕುಡಿಸುತ್ತಿರಬೇಕೆಂದು ಹೇಳಿ ಕೃಷ್ಣವ್ವ ಎದ್ದಳು. ಬಸ್ಸಿನ ಮೇಲೆ ತೊಟ್ಟಿಲು ಏರಿತು, ಕೆಳಗೆ ಅವರು ಏರಿದರು.

ಮುಂದಿನ ವಾರ ಕಂಡಕ್ಟರ್ ಬಸಯ್ಯ ಬಸ್ಸಿನ ಬಾಗಿಲಲ್ಲೇ ನಿಂತು ಕೂಗಿ ಹೇಳಿದ: “ಬಾಯಾರ, ರಾಚವ್ವ ಹೇಳ್ಯಾಳ. ಜ್ವರಾ ಬಂದು ಹೋತಂತ, ಕೂಸು ಗಟ್ಟಿ ಐತಂತ. ತಮ್ಮ ಓಣ್ಯಾನ ಕೂಸುಗೋಳನ್ನೆಲ್ಲಾ ಸಾಲಾಗಿ ಕೂಡಿಸೇನಿ, ಲಗೂನ ಬರ್ರಿ ಅಂತ!”

“ಅದು ನನ್ನ ಹದ್ದಲ್ರಿ ಅಯ್ಯಾರ,” ಎಂದು ಕೃಷ್ಣವ್ವ ನಕ್ಕಳು. ಆ ಭಾಗದ ನರ್ಸಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಅವನಿಗೇ ಒಪ್ಪಿಸಿ ಸೈಕಲ್ ಏರಿದಳು.